ದವಡೆ ನೋವು: ಕಿವಿಯದ್ದೋ, ಹಲ್ಲಿನದ್ದೋ, ಕೀಲಿನದ್ದೋ?

ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿದುಕೊಂಡಿರುತ್ತದೆ. ತಿಂಡಿ ಅಗಿಯುವಾಗ ಕಿವಿಯ ಪಕ್ಕದಲ್ಲೇ ಕಟಕ್ ಎನ್ನುತ್ತದೆ. ಆಕಳಿಸಲು ಹೋದರೆ ಚುಳ್ಳೆನ್ನುತ್ತದೆ. ಕಿವಿ ನೋವೇ ಇರಬೇಕೆಂದು ಇಎನ್‌ಟಿ ಡಾಕ್ಟರ ಹತ್ತಿರ ಹೋದರೆ ಕಿವಿಯಲ್ಲಿ ಏನೂ ಇಲ್ಲ ಎನ್ನುತ್ತಾರೆ. ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು ಹುಳುಕು ಕಾಣಿಸುತ್ತಿಲ್ಲ ಎನ್ನುತ್ತಾರೆ. ಅಷ್ಟರಲ್ಲಿ ತಲೆನೋವೂ ಜೊತೆಗೂಡಿ, ಮೆಡಿಕಲ್ ಸ್ಟೋರಿನ ಮಾತ್ರೆಯೇ ಗತಿ ಎನ್ನುವಂತಾಗುತ್ತದೆ. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಡೆಂಟಲ್ ಕ್ಲಿನಿಕ್ಕಿನ ಬೋರ್ಡು ಕಾಣುತ್ತದೆ. ಆದರೂ ದವಡೆ ನೋವು ಬಂದಾಗ ಯಾರಿಗೆ ತೋರಿಸಬೇಕು, ಏನನ್ನು ಕೇಳಬೇಕು, ಯಾವುದಕ್ಕೆ ಒಪ್ಪಬೇಕು ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ.

ದವಡೆಯಲ್ಲಿ ಕಾಣಿಸುವ ನೋವಿನ ಮೂಲ ಸಾಮಾನ್ಯವಾಗಿ ಕೀಲು, ಸ್ನಾಯು, ಹಲ್ಲು ಅಥವಾ ಬಾಯಿಯ ಒಳಪದರದಲ್ಲಿರುತ್ತದೆ. ಯಾವುದು ಎಂದು ಖಚಿತವಾಗುವ ಮೊದಲೇ ಹಲ್ಲು ಕೀಳಿಸುವುದು, ಹಲ್ಲು ತೇಯಿಸಿ ಚಿಕ್ಕದು ಮಾಡಿಸುವುದು, ಸಾಲಾಗಿ ಕ್ಯಾಪ್ ಹಾಕಿಸುವುದು ಇವೆಲ್ಲ ನಡೆದುಹೋದರೆ ಹಿಂದಕ್ಕೆ ತರಲಾಗುವುದಿಲ್ಲ. ಆದ್ದರಿಂದ ಮೊದಲು ಮೂಲ ಗೊತ್ತಾಗಬೇಕು.

ಕಿವಿಯ ಮುಂದೆ ಇರುವ ಕೀಲು

ಕಿವಿಯ ರಂಧ್ರಕ್ಕೆ ಸ್ವಲ್ಪ ಮುಂದೆ ಎರಡೂ ಕಡೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಗುಂಡಗಿನದೊಂದು ಜರುಗುವುದು ತಿಳಿಯುತ್ತದೆ. ಅದು ಕೆಳದವಡೆಯ ಮೂಳೆಯ ತುದಿ. ತಲೆಬುರುಡೆಯ ಒಂದು ಗುಳಿಯಲ್ಲಿ ಅದು ಕೂತಿರುತ್ತದೆ. ಇವೆರಡೂ ಕೂಡುವ ಜಾಗವೇ ದವಡೆ ಕೀಲು. ಡಾಕ್ಟರುಗಳು ಇದನ್ನು ಟಿಎಂಜೆ ಎನ್ನುತ್ತಾರೆ.

ಈ ಕೀಲಿನ ಚಲನೆ ಮೊಣಕೈಯಂತೆ ಬರೀ ಮಡಚಿ ಬಿಡಿಸುವುದಲ್ಲ. ಬಾಯಿ ಸ್ವಲ್ಪ ತೆರೆಯುವವರೆಗೆ ಮೂಳೆಯ ತುದಿ ಇದ್ದಲ್ಲೇ ತಿರುಗುತ್ತದೆ. ಇನ್ನೂ ಅಗಲಿಸಿದರೆ ಗುಳಿ ಬಿಟ್ಟು ಮುಂದಕ್ಕೆ ಜಾರುತ್ತದೆ. ಒಂದೇ ಮೂಳೆಯ ಎರಡು ತುದಿಗಳಾದ್ದರಿಂದ ಎಡಗಡೆಯ ಕೀಲು ಕೆಟ್ಟರೆ ಬಲಗಡೆಯದಕ್ಕೂ ಭಾರ ಬೀಳುತ್ತದೆ.

ಮೂಳೆಗೂ ಮೂಳೆಗೂ ನೇರ ಉಜ್ಜದಿರಲಿ ಎಂದು ನಡುವೆ ಒಂದು ಬಿಲ್ಲೆ ಇರುತ್ತದೆ. ನೀರು ಹೊರುವವರು ತಲೆಗೂ ಕೊಡಕ್ಕೂ ಮಧ್ಯೆ ಬಟ್ಟೆಯ ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಈ ಬಿಲ್ಲೆಯ ಕೆಲಸವೂ ಅದೇ: ಭಾರವನ್ನು ಹಂಚುವುದು, ಉಜ್ಜಾಟ ತಪ್ಪಿಸುವುದು. ಸಿಂಬೆ ಸರಿಯಾಗಿ ಕೂತಿರುವವರೆಗೆ ಅದು ಇದೆ ಎಂಬುದೇ ನೆನಪಾಗುವುದಿಲ್ಲ. ಅದು ಜರುಗಿದಾಗಲೇ ತೊಂದರೆ.

ಕಟಕ್ ಎನ್ನುವ ಸದ್ದು, ಸಿಕ್ಕಿಕೊಳ್ಳುವ ಬಾಯಿ

ಬಿಲ್ಲೆ ತನ್ನ ಜಾಗದಿಂದ ಸ್ವಲ್ಪ ಮುಂದಕ್ಕೆ ಸರಿದಿದೆ ಎಂದುಕೊಳ್ಳಿ. ಬಾಯಿ ತೆರೆಯುವಾಗ ಮೂಳೆಯ ತುದಿ ಮುಂದೆ ಜಾರಿ ಮತ್ತೆ ಬಿಲ್ಲೆಯ ಅಡಿಗೆ ಸೇರಿ ಕೂರುತ್ತದೆ. ಕಟಕ್ ಎನ್ನುವುದು ಆಗಲೇ. ಮುಚ್ಚುವಾಗ ಮತ್ತೆ ಬಿಲ್ಲೆಯಿಂದ ಹಿಂದಕ್ಕೆ ಜಾರುತ್ತದೆ, ಆಗ ಮೆಲ್ಲಗಿನ ಇನ್ನೊಂದು ಸದ್ದು ಕೇಳಬಹುದು.

ಸದ್ದು ಬರುತ್ತಿದೆ, ಆದರೆ ನೋವಿಲ್ಲ, ಬಾಯಿ ಚೆನ್ನಾಗಿ ತೆರೆಯುತ್ತದೆ ಎಂದಾದರೆ ಚಿಕಿತ್ಸೆ ಬೇಕಾಗಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬರೀ ಸದ್ದಿಗೆ ಹೆದರಿ ದುಬಾರಿ ಚಿಕಿತ್ಸೆಗೆ ಇಳಿಯುವವರಿದ್ದಾರೆ. ಇಂಥ ಸದ್ದು ಆರೋಗ್ಯವಾಗಿರುವ ಎಷ್ಟೋ ಜನರಲ್ಲಿ ಇರುತ್ತದೆ, ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಹಾಗೇ ಇದ್ದುಬಿಡುತ್ತದೆ.

ಗಮನಿಸಬೇಕಾದ್ದು ಬೇರೆ. ಇಷ್ಟು ದಿನ ಬರುತ್ತಿದ್ದ ಸದ್ದು ಒಂದು ದಿನ ಇದ್ದಕ್ಕಿದ್ದಂತೆ ನಿಂತು, ಅದೇ ಹೊತ್ತಿಗೆ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಂತಾದರೆ, ಬಿಲ್ಲೆ ಮುಂದೆಯೇ ಉಳಿದು ದಾರಿಗೆ ಅಡ್ಡವಾಗಿದೆ ಎಂದರ್ಥ. ತೆರೆಯುವಾಗ ಗಲ್ಲ ಒಂದು ಪಕ್ಕಕ್ಕೆ ಓರೆಯಾಗುತ್ತದೆ. ಇದಕ್ಕೆ ಬೇಗ ತೋರಿಸಿಕೊಳ್ಳುವುದು ಒಳ್ಳೆಯದು. ಇದರ ತಿರುವುಮುರುವು ಕೂಡ ಉಂಟು: ದೊಡ್ಡದಾಗಿ ಆಕಳಿಸಿದಾಗ ಮೂಳೆ ಮುಂದೆ ಹೋಗಿ ಸಿಕ್ಕಿಕೊಂಡು ಬಾಯಿ ಮುಚ್ಚಲಾಗದ ಸ್ಥಿತಿ. ಆಗ ಗಲ್ಲಕ್ಕೆ ಗುದ್ದುವುದು, ಮನೆಯವರು ಎಳೆದಾಡುವುದು ಯಾವುದೂ ಬೇಡ. ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದರೆ ಡಾಕ್ಟರು ಕೆಳಗಿನ ದವಡೆ ಹಲ್ಲುಗಳ ಮೇಲೆ ಹೆಬ್ಬೆರಳಿಟ್ಟು ಕೆಳಕ್ಕೂ ಹಿಂದಕ್ಕೂ ಒತ್ತಿ ಕೂರಿಸುತ್ತಾರೆ.

ಹೆಚ್ಚಿನವರಲ್ಲಿ ನೋಯುವುದು ಸ್ನಾಯು

ಟಿಎಂಜೆ ತೊಂದರೆ ಎಂದು ಬರುವವರಲ್ಲಿ ಬಹಳಷ್ಟು ಮಂದಿಗೆ ಕೀಲಿಗಿಂತ ಅದನ್ನು ಆಡಿಸುವ ಸ್ನಾಯುಗಳೇ ನೋಯುತ್ತಿರುತ್ತವೆ. ಹಲ್ಲು ಕಚ್ಚಿ ಹಿಡಿದಾಗ ಕೆನ್ನೆಯಲ್ಲಿ ಒಂದು ಗಡ್ಡೆಯಂತೆ ಉಬ್ಬುವುದು, ಹಣೆಯ ಪಕ್ಕದಲ್ಲಿ ಅಲುಗುವುದು ಇವೇ ಆ ಸ್ನಾಯುಗಳು. ಹಣೆಯ ಪಕ್ಕದ ಸ್ನಾಯು ದಣಿದಾಗ ಬರುವ ನೋವನ್ನು ನಾವು ತಲೆನೋವು ಎಂದೇ ಕರೆಯುತ್ತೇವೆ.

ಸ್ನಾಯು ದಣಿಯಲು ಮುಖ್ಯ ಕಾರಣ ಹಲ್ಲು ಕಡಿಯುವ, ಕಚ್ಚಿಕೊಳ್ಳುವ ಅಭ್ಯಾಸ. ರಾತ್ರಿ ಹಲ್ಲು ಕಡಿಯುವುದು ಕಡಿಯುವವರಿಗೆ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಮಲಗಿದವರೇ ಹೇಳಬೇಕು. ಹಗಲಿನಲ್ಲಿ ಕಚ್ಚಿಕೊಳ್ಳುವುದಕ್ಕೆ ಸದ್ದಿಲ್ಲ, ಅದನ್ನು ಯಾರೂ ಹೇಳಲಾರರು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ, ಲ್ಯಾಪ್‌ಟಾಪಿನ ಮುಂದೆ ಮೀಟಿಂಗಿನಲ್ಲಿ ಕೂತಾಗ ನಿಮ್ಮ ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿವೆಯೇ ನೋಡಿಕೊಳ್ಳಿ. ಅಗಿಯುವಾಗ, ನುಂಗುವಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಹಲ್ಲು ಹಲ್ಲಿಗೆ ತಾಗಬೇಕಾದ ಅಗತ್ಯವೇ ಇಲ್ಲ. ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ಸಣ್ಣ ಸಂದು ಇರಬೇಕು, ನಾಲಿಗೆ ಅಂಗುಳಿಗೆ ಹಗುರವಾಗಿ ತಾಗಿರಬೇಕು. ದವಡೆಗೆ ವಿಶ್ರಾಂತಿ ಎಂದರೆ ಇದೇ ಭಂಗಿ.

ಅನುಭವವುಳ್ಳ ಡಾಕ್ಟರು ಪರೀಕ್ಷಿಸುವಾಗ ಹಲ್ಲಿಗಿಂತ ಮೊದಲು ಇವನ್ನೇ ನೋಡುತ್ತಾರೆ. ಕಿವಿಯ ಮುಂದೆ ಬೆರಳಿಟ್ಟು ತೆರೆಸಿ ಮುಚ್ಚಿಸುತ್ತಾರೆ. ಕೆನ್ನೆಯ, ಹಣೆಯ ಸ್ನಾಯುಗಳನ್ನು ಒಂದೊಂದಾಗಿ ಒತ್ತಿ ಎಲ್ಲಿ ನೋಯುತ್ತದೆ ಎಂದು ಕೇಳುತ್ತಾರೆ. ಮುಂದಿನ ಹಲ್ಲುಗಳ ನಡುವೆ ಸ್ಕೇಲ್ ಇಟ್ಟು ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯುತ್ತಾರೆ. ದೊಡ್ಡವರಲ್ಲಿ ಸುಮಾರು 35ರಿಂದ 50 ಮಿಲಿಮೀಟರ್ ಇದ್ದರೆ ಸರಿ; ಮನೆಯಲ್ಲಿ ನೋಡಿಕೊಳ್ಳುವುದಾದರೆ ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕು. ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಹಲ್ಲಿನ ಸಾಲಿಗೆ ನೇರವಾಗಿ ಬಿಳಿ ಗೆರೆ, ಸವೆದು ಚಪ್ಪಟೆಯಾದ ಕೋರೆ ಹಲ್ಲು ಕಂಡರೆ ಕಚ್ಚಿಕೊಳ್ಳುವ ಅಭ್ಯಾಸವಿರಬಹುದು ಎಂಬ ಅನುಮಾನ ಬರುತ್ತದೆ. ಇಷ್ಟಕ್ಕೆ ಯಾವ ಯಂತ್ರವೂ ಬೇಡ. ಬಿಲ್ಲೆಯನ್ನು ನೋಡಲೇಬೇಕಾದ ಸಂದರ್ಭ ಬಂದರೆ ಎಂಆರ್‌ಐ ಮಾಡಿಸುತ್ತಾರೆ, ಏಕೆಂದರೆ ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆಯೇ ಹೊರತು ಬಿಲ್ಲೆ ಕಾಣುವುದಿಲ್ಲ.

ಹಲ್ಲಿನಿಂದ ಹೊರಟ ನೋವು

ಹಲ್ಲಿನ ಹೊರಗಿನ ಬಿಳಿ ಹೊದಿಕೆಗೆ ನರವಿಲ್ಲ. ಹುಳುಕು ಅಲ್ಲಿರುವವರೆಗೆ ನೋವೂ ಇಲ್ಲ. ಅದರ ಕೆಳಗಿನ ಪದರ ತಲುಪಿದಾಗ ತಣ್ಣೀರು ಕುಡಿದರೆ, ಸಿಹಿ ತಿಂದರೆ ಜುಮ್ಮೆನ್ನುತ್ತದೆ, ಬಾಯಿಂದ ಅದು ಹೋದ ಕೂಡಲೇ ನಿಲ್ಲುತ್ತದೆ. ಈ ಹಂತದಲ್ಲಿ ಸಿಮೆಂಟ್ ತುಂಬಿಸಿದರೆ ಕೆಲಸ ಮುಗಿಯುತ್ತದೆ. ನಡುವಿನ ನರದ ಭಾಗಕ್ಕೆ ತಲುಪಿದ ಮೇಲೆ ಕಾಫಿ ಕುಡಿದು ಲೋಟ ಕೆಳಗಿಟ್ಟರೂ ನೋವು ಹಾಗೇ ಉಳಿಯುತ್ತದೆ, ರಾತ್ರಿ ಮಲಗಿದಾಗ ಇನ್ನೂ ಜೋರಾಗಿ ಮಿಡಿಯುತ್ತದೆ. ಆಗ ರೂಟ್ ಕೆನಾಲ್ ಮಾಡಿಸಬೇಕು, ಇಲ್ಲವೇ ಹಲ್ಲು ತೆಗೆಸಬೇಕು.

ಇಲ್ಲಿ ಒಂದು ಮೋಸವಾಗುವುದಿದೆ. ಸಿಡಿಯುತ್ತಿದ್ದ ಹಲ್ಲು ಏನೂ ಮಾಡದೆಯೇ ಒಂದು ದಿನ ಸುಮ್ಮನಾಗುತ್ತದೆ. ವಾಸಿಯಾಯಿತೆಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಒಳಗಿನ ನರ ಸತ್ತಿರುವುದೇ ಅದಕ್ಕೆ ಕಾರಣವಾಗಿರಬಹುದು, ಸೋಂಕು ಬೇರಿನ ತುದಿಯಿಂದ ದವಡೆಯ ಮೂಳೆಯೊಳಕ್ಕೆ ಇಳಿಯುತ್ತಿರಬಹುದು. ಕೀವು ತುಂಬಿ ಕೆನ್ನೆ ಊದಿಕೊಂಡಾಗ ಆಂಟಿಬಯೋಟಿಕ್ ನುಂಗಿದರೆ ಊತ ಇಳಿಯುತ್ತದೆ, ಆದರೆ ಸೋಂಕಿನ ಮೂಲ ಹಲ್ಲಿನೊಳಗೇ ಇರುವುದರಿಂದ ಮತ್ತೆ ಬರುತ್ತದೆ. ಹಲ್ಲಿನ ಸಂದಿಗೆ ಆಸ್ಪಿರಿನ್ ಮಾತ್ರೆ ಇಡುವ ರೂಢಿ ಕೆಲವರಲ್ಲಿದೆ. ಅದರಿಂದ ವಸಡು, ಕೆನ್ನೆಯ ಒಳಭಾಗ ಸುಡುತ್ತದೆ. ಲವಂಗದ ಎಣ್ಣೆ ಸ್ವಲ್ಪ ಹೊತ್ತು ನೋವನ್ನು ಮರಗಟ್ಟಿಸುತ್ತದೆ ಅಷ್ಟೇ, ಹೆಚ್ಚು ಹಚ್ಚಿದರೆ ಅದೂ ಸುಡುತ್ತದೆ.

17ರಿಂದ 25ರ ವಯಸ್ಸಿನವರಲ್ಲಿ ಕೊನೆಯ ದವಡೆ ಹಲ್ಲು, ಅಂದರೆ ಬುದ್ಧಿಹಲ್ಲು, ಅರ್ಧ ಮೂಡಿ ನಿಂತು ಅದರ ಮೇಲಿನ ವಸಡಿನಡಿ ಅನ್ನದ ಅಗುಳು ಸೇರಿ ಊದಿಕೊಳ್ಳುವುದುಂಟು. ಬಾಯಿ ತೆರೆಯಲಾಗದು, ನುಂಗಲು ನೋವು. ಅದನ್ನು ಕೀಲಿನ ತೊಂದರೆ ಎಂದುಕೊಳ್ಳುವವರೂ ಇದ್ದಾರೆ. ಇನ್ನು ಹಲ್ಲುಜ್ಜಿದಾಗ, ಮುಖಕ್ಕೆ ಗಾಳಿ ತಾಗಿದಾಗ ಕರೆಂಟ್ ಹೊಡೆದಂತೆ ಕೆಲವೇ ಸೆಕೆಂಡು ಬಂದು ಹೋಗುವ ನೋವು ಮುಖದ ನರದ್ದು. ಅದಕ್ಕೆ ನರರೋಗ ತಜ್ಞರು ಕೊಡುವ ಮಾತ್ರೆಯೇ ಮೊದಲ ಮದ್ದು. ಇದನ್ನು ಹಲ್ಲು ನೋವೆಂದು ತಿಳಿದು ಒಂದಾದ ಮೇಲೊಂದು ಒಳ್ಳೆಯ ಹಲ್ಲು ಕೀಳಿಸಿಕೊಂಡವರ ಸಂಕಟ ದೊಡ್ಡದು.

ಅಡಿಕೆ ಅಗಿಯುವವರ ಬಾಯಿ ಬಿಗಿದರೆ

ನೋವಿಲ್ಲದೆ, ತಿಂಗಳುಗಳಲ್ಲಿ ನಿಧಾನವಾಗಿ ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಬಂದರೆ ಕೀಲಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ, ಅಡಿಕೆ ಅಥವಾ ಗುಟ್ಕಾ ಅಗಿಯುತ್ತೀರಾ ಎಂಬುದು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆಯಿಲ್ಲದೆ ನಮ್ಮಲ್ಲಿ ಶುಭಕಾರ್ಯವಿಲ್ಲ. ಹಾಗಾಗಿ ಇದನ್ನು ಹೇಳುವುದೂ ಕಷ್ಟ, ಕೇಳುವುದೂ ಕಷ್ಟ. ಆದರೆ ದಿನವೂ ಕೆನ್ನೆಯಲ್ಲಿಟ್ಟು ಅಗಿಯುವುದು ಬೇರೆಯೇ ಸಂಗತಿ.

ಅಡಿಕೆಯಲ್ಲಿರುವ ರಾಸಾಯನಿಕಗಳು ಕೆನ್ನೆಯ ಒಳಪದರದ ಕೆಳಗೆ ನಾರಿನ ಅಂಶ ಹೆಚ್ಚಾಗುವಂತೆ ಮಾಡುತ್ತವೆ. ಮೊದಲು ಖಾರದ ಸಾರು ಬಾಯಿಗಿಟ್ಟರೆ ಉರಿಯುತ್ತದೆ. ಆಮೇಲೆ ಕೆನ್ನೆಯ ಒಳಗೆ ಬಿಳಿಚಿಕೊಂಡು ಪಟ್ಟಿ ಪಟ್ಟಿಯಾಗಿ ಗಟ್ಟಿಯಾಗುತ್ತದೆ. ಕೆನ್ನೆ ಊದಿಸಲು, ಸಿಳ್ಳೆ ಹಾಕಲು, ನಾಲಿಗೆ ಪೂರ್ತಿ ಹೊರಚಾಚಲು ಆಗುವುದಿಲ್ಲ. ಕೊನೆಗೆ ತುತ್ತು ಇಡುವಷ್ಟೂ ಬಾಯಿ ತೆರೆಯದ ಸ್ಥಿತಿ ಬರಬಹುದು. ಅಗಿಯುವುದನ್ನು ಬಿಡಿಸಿ, ವ್ಯಾಯಾಮ, ಚುಚ್ಚುಮದ್ದು, ತೀರಾ ಬೇಕಾದರೆ ಶಸ್ತ್ರಚಿಕಿತ್ಸೆಯಿಂದ ಬಾಯಿಯನ್ನು ಒಂದಷ್ಟು ತೆರೆಸಬಹುದು, ಆದರೆ ಮೊದಲಿನಂತೆ ಪೂರ್ತಿ ಆಗುವುದಿಲ್ಲ. ಇದು ಮುಂದೆ ಬಾಯಿಯ ಕ್ಯಾನ್ಸರಿಗೆ ತಿರುಗುವ ಅಪಾಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನು, ತಂಬಾಕು ಸೇರದಿದ್ದರೂ ಸಹ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ಮಾರಾಟವಾಗುತ್ತಿದೆ. ತಂಬಾಕಿನ ಪೊಟ್ಟಣ ಬಿಟ್ಟು ಬರೀ ಮಸಾಲೆ ಹಾಕುತ್ತೇನೆ ಎನ್ನುವವರಿಗೆ, ಅದರಲ್ಲೂ ಅಡಿಕೆ ಇರುವುದರಿಂದ, ಈ ಕಾಯಿಲೆಯಿಂದ ರಕ್ಷಣೆ ಇಲ್ಲ.

ಬೆಂಗಳೂರಿನಲ್ಲಿ ಯಾರಿಗೆ ತೋರಿಸುವುದು

ಬಿಡಿಎಸ್ ಓದಿದವರು ಸಾಮಾನ್ಯ ದಂತವೈದ್ಯರು, ಎಂಡಿಎಸ್ ಮಾಡಿದವರು ಯಾವುದಾದರೂ ಒಂದು ವಿಭಾಗದ ತಜ್ಞರು. ಹುಳುಕು, ವಸಡು, ಕ್ಲೀನಿಂಗ್ ಇವಕ್ಕೆ ಮನೆ ಹತ್ತಿರದ ಬಿಡಿಎಸ್ ಡಾಕ್ಟರು ಸಾಕು. ನೋವಿನ ಮೂಲವೇ ಗೊತ್ತಾಗದಿದ್ದಾಗ ಹುಡುಕಬೇಕಾದ್ದು ಓರಲ್ ಮೆಡಿಸಿನ್ ವಿಭಾಗದ ಎಂಡಿಎಸ್ ಅವರನ್ನು. ದವಡೆ, ಬಾಯಿಯ ಕಾಯಿಲೆ ಗುರುತಿಸುವುದೇ ಅವರ ಓದು. ದವಡೆಯ ಶಸ್ತ್ರಚಿಕಿತ್ಸೆ, ಮೂಳೆ ಮುರಿತ, ಮೂಳೆಯೊಳಗೆ ಹೂತ ಬುದ್ಧಿಹಲ್ಲು ಇವೆಲ್ಲ ಓರಲ್ ಸರ್ಜನ್ನರ ಕೆಲಸ.

ಇವರೆಲ್ಲ ಒಂದೇ ಸೂರಿನಡಿ ಸಿಗುವುದು ಡೆಂಟಲ್ ಕಾಲೇಜುಗಳಲ್ಲಿ. ಕೋಟೆ ಪ್ರದೇಶದ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ 1958ರಿಂದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಇದೆ. ಹಸಿರು ಮಾರ್ಗದ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗುವಷ್ಟು ದೂರ. ವಿ.ವಿ. ಪುರದ ವಿ.ಎಸ್., ಜೆ.ಪಿ. ನಗರದ ಆರ್.ವಿ., ಮತ್ತಿಕೆರೆ ಕಡೆಯ ರಾಮಯ್ಯ ಹೀಗೆ ಖಾಸಗಿ ಡೆಂಟಲ್ ಕಾಲೇಜುಗಳೂ ಊರಿನ ಬೇರೆ ಬೇರೆ ಮೂಲೆಗಳಲ್ಲಿವೆ. ಮೊದಲ ಸಲ ಹೋದವರಿಗೆ ಕಾರ್ಡ್ ಮಾಡಿಸಿ ಸಾಮಾನ್ಯವಾಗಿ ಓರಲ್ ಮೆಡಿಸಿನ್ ವಿಭಾಗಕ್ಕೇ ಕಳಿಸುತ್ತಾರೆ. ವಿದ್ಯಾರ್ಥಿಗಳು ಪರೀಕ್ಷಿಸಿ ಬರೆದುಕೊಳ್ಳುತ್ತಾರೆ, ಮೇಲ್ವಿಚಾರಕ ಡಾಕ್ಟರು ಬಂದು ನೋಡುತ್ತಾರೆ. ಹೊತ್ತು ಹಿಡಿಯುತ್ತದೆ, ಒಂದು ಕೆಲಸಕ್ಕೆ ಹಲವು ಸಲ ಹೋಗಬೇಕಾಗುತ್ತದೆ, ಖರ್ಚು ಕ್ಲಿನಿಕ್ಕಿಗಿಂತ ಬಹಳ ಕಡಿಮೆ. ಮೂಲ ಪತ್ತೆಯಾಗದ ನೋವಿಗೆ ಈ ನಿಧಾನವೇ ಅನುಕೂಲ ಎಂದು ನನಗನ್ನಿಸುತ್ತದೆ: ಕೇಳಲು, ಮುಟ್ಟಿ ನೋಡಲು ಅಲ್ಲಿ ಸಮಯವಿದೆ.

ನರದ ನೋವು ಎಂದು ಅನುಮಾನ ಬಂದರೆ ನಿಮ್ಹಾನ್ಸ್ ಇದೆ. ಬಾಯಿಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಗಂಟು ಇದ್ದರೆ ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು. ಅವರು ಹೇಳಿದರೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹೋಗಬೇಕು. ಬಡತನ ರೇಖೆಗಿಂತ ಕೆಳಗಿರುವ ವಯಸ್ಸಾದವರಿಗೆ ಹಲ್ಲಿನ ಸೆಟ್ ಉಚಿತವಾಗಿ ಕೊಡಲು ರಾಜ್ಯ ಸರ್ಕಾರ ದಂತಭಾಗ್ಯ ಯೋಜನೆ ತಂದಿದೆ, ಸರ್ಕಾರಿ ಕಾಲೇಜಿನಲ್ಲಿ ವಿಚಾರಿಸಬಹುದು. ಆರೋಗ್ಯ ವಿಮೆ ಇದೆಯಲ್ಲ ಎಂದು ನೆಚ್ಚಿಕೊಳ್ಳುವ ಮೊದಲು ಪಾಲಿಸಿ ಓದಿ: ಅಪಘಾತದಿಂದಾದ ಪೆಟ್ಟು ಬಿಟ್ಟರೆ ಹಲ್ಲಿನ ಚಿಕಿತ್ಸೆಯನ್ನು ಹೆಚ್ಚಿನ ಪಾಲಿಸಿಗಳು ಒಳಗೊಳ್ಳುವುದಿಲ್ಲ.

ಚಿಕಿತ್ಸೆಯ ಮೆಟ್ಟಿಲುಗಳು

ಕೀಲು, ಸ್ನಾಯುಗಳ ನೋವಿಗೆ ಒಂದು ಒಳ್ಳೆಯ ಸುದ್ದಿ: ಬಹುತೇಕರಲ್ಲಿ ಇದು ಸರಳ ಉಪಾಯಗಳಿಂದಲೇ ವಾರಗಳಲ್ಲಿ, ತಿಂಗಳುಗಳಲ್ಲಿ ತಗ್ಗುತ್ತದೆ. ಮೆತ್ತಗಿನ ಊಟ, ಕೆನ್ನೆಗೆ ಬಿಸಿ ಶಾಖ, ಡಾಕ್ಟರು ಬರೆದುಕೊಟ್ಟಷ್ಟೇ ದಿನ ನೋವಿನ ಮಾತ್ರೆ, ಫಿಸಿಯೋಥೆರಪಿಯವರು ಕಲಿಸುವ ದವಡೆಯ ವ್ಯಾಯಾಮ ಇವು ಮೊದಲ ಮೆಟ್ಟಿಲು. ನಿದ್ದೆ, ಮನಸ್ಸಿನ ಒತ್ತಡ ಇವನ್ನೂ ಡಾಕ್ಟರು ವಿಚಾರಿಸಿದರೆ ಬೇಸರ ಬೇಡ, ನೋವು ಸುಳ್ಳು ಎಂದು ಅದರರ್ಥವಲ್ಲ. ಒತ್ತಡ ಹೆಚ್ಚಾದಾಗ ಸ್ನಾಯು ಬಿಗಿಯುವುದು ದೇಹದ ಸಹಜ ನಡತೆ.

ಎರಡನೆಯದು ನೈಟ್ ಗಾರ್ಡ್. ಹಲ್ಲಿನ ಅಳತೆ ತೆಗೆದು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡಿದ ಕವಚ, ರಾತ್ರಿ ಹಾಕಿಕೊಳ್ಳುವಂಥದ್ದು. ಹಲ್ಲು ಸವೆಯದಂತೆ ಕಾಪಾಡುವುದರಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನೋವು ಕಡಿಮೆ ಮಾಡುವುದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫಲ. ಹಲ್ಲು ಕಡಿಯುವ ಅಭ್ಯಾಸವನ್ನೇ ಅದು ಬಿಡಿಸುತ್ತದೆ ಎಂದು ನಂಬಬೇಡಿ. ಕೆಲವೇ ಹಲ್ಲುಗಳನ್ನು ಮುಚ್ಚುವ ಗಾರ್ಡನ್ನು ಬಹುಕಾಲ ಹಾಕಿದರೆ ಹಲ್ಲುಗಳು ಜರುಗಬಹುದು. ಆನ್‌ಲೈನಿನಲ್ಲಿ ಸಿಗುವ, ಬಿಸಿನೀರಿನಲ್ಲಿ ಅದ್ದಿ ಕಚ್ಚುವ ಮೆತ್ತನೆಯವು ಕೆಲವರಲ್ಲಿ ಕಚ್ಚುವುದನ್ನು ಹೆಚ್ಚಿಸುತ್ತವೆ.

ಇಷ್ಟಕ್ಕೂ ಬಗ್ಗದೆ ಕೀಲೇ ಸಿಕ್ಕಿಕೊಂಡಿದ್ದರೆ ಸೂಜಿಯಿಂದ ಕೀಲಿನೊಳಗೆ ದ್ರವ ಹಾಯಿಸಿ ತೊಳೆಯುವ ವಿಧಾನವಿದೆ. ಕೀಲನ್ನು ತೆರೆದು ಮಾಡುವ ಶಸ್ತ್ರಚಿಕಿತ್ಸೆ ಬೇಕಾಗುವುದು ಬಹಳ ಕಡಿಮೆ ಜನರಿಗೆ. ಬರೀ ಈ ನೋವಿಗಾಗಿ ಹಲ್ಲು ತೇದು ಕಚ್ಚು ಸರಿಮಾಡುತ್ತೇವೆ, ಎಲ್ಲ ಹಲ್ಲಿಗೂ ಕ್ಯಾಪ್ ಹಾಕುತ್ತೇವೆ, ತಂತಿ ಕಟ್ಟುತ್ತೇವೆ ಎಂದು ಯಾರಾದರೂ ಹೇಳಿದರೆ ಹೂಂ ಎನ್ನುವ ಮೊದಲು ಇನ್ನೊಬ್ಬ ತಜ್ಞರಿಗೆ ತೋರಿಸಿ. ಇದನ್ನು ನಾನು ಸಲಹೆಯಾಗಿಯಲ್ಲ, ಕೇಳಿಕೊಳ್ಳುವಂತೆ ಹೇಳುತ್ತಿದ್ದೇನೆ.

ಊಟ ಮತ್ತು ದಿನಚರಿ

ನಮ್ಮ ಊಟದಲ್ಲಿ ಅಗಿಯದೆ ತಿನ್ನುವಂಥದ್ದು ಬೇಕಾದಷ್ಟಿದೆ. ರಾಗಿಮುದ್ದೆಯನ್ನಂತೂ ನುಂಗುವುದೇ ಕ್ರಮ. ಇಡ್ಲಿ, ಪೊಂಗಲ್, ಮೊಸರನ್ನ, ಚೆನ್ನಾಗಿ ಬೆಂದ ಹುಳಿ, ಪಾಯಸ ಇವೆಲ್ಲ ದವಡೆಗೆ ಹಗುರ. ನೋವಿರುವಷ್ಟು ದಿನ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ, ಸುಟ್ಟ ಜೋಳ, ಚೂಯಿಂಗ್ ಗಮ್ ಬೇಡ. ಸಂಕ್ರಾಂತಿಯ ಕಬ್ಬನ್ನು ಹಲ್ಲಿನಿಂದ ಸಿಗಿಯುವ ಬದಲು ಹಾಲು ಹಿಂಡಿಸಿ ಕುಡಿಯಬಹುದು. ಸೀಬೆಕಾಯಿ ಇಡಿಯಾಗಿ ಕಚ್ಚದೆ ಹೆಚ್ಚಿ ತಿನ್ನಿ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿ ಒತ್ತಿ ಹಿಡಿದರೆ ಬಾಯಿ ಅತಿಯಾಗಿ ಅಗಲವಾಗುವುದಿಲ್ಲ. ಫೋನನ್ನು ಭುಜಕ್ಕೂ ಗಲ್ಲಕ್ಕೂ ನಡುವೆ ಸಿಕ್ಕಿಸಿಕೊಂಡು ಮಾತಾಡುವುದು, ಗಲ್ಲಕ್ಕೆ ಕೈ ಕೊಟ್ಟು ಗಂಟೆಗಟ್ಟಲೆ ಕೂರುವುದು ಬಿಟ್ಟರೆ ಒಳ್ಳೆಯದು.

ಅಪಾಯಿಂಟ್‌ಮೆಂಟಿಗೆ ಕಾಯಬಾರದ ಲಕ್ಷಣಗಳು

ಗಲ್ಲದ ಕೆಳಗೆ, ಕತ್ತಿನ ಕಡೆಗೆ ಊತ ಹರಡುತ್ತಿದ್ದು, ಜ್ವರ ಬಂದು, ಉಗುಳು ನುಂಗಲೂ ಕಷ್ಟವಾಗಿ, ಉಸಿರು ಕಟ್ಟಿದಂತಾದರೆ ಹಲ್ಲಿನ ಸೋಂಕು ಕತ್ತಿಗಿಳಿದಿರಬಹುದು. ಇದು ಜೀವಕ್ಕೆ ಅಪಾಯ. ಡೆಂಟಲ್ ಕ್ಲಿನಿಕ್ ತೆರೆಯುವುದನ್ನು ಕಾಯದೆ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ನಡೆದಾಗ, ಮೆಟ್ಟಿಲು ಹತ್ತಿದಾಗ ದವಡೆ ನೋವು ಬಂದು, ಎದೆ ಬಿಗಿತ, ಬೆವರು, ಏದುಸಿರು ಜೊತೆಗಿದ್ದರೆ ಅದು ಹೃದಯದ ನೋವಾಗಿರಬಹುದು. ಆಗ 108ಕ್ಕೆ ಕರೆ ಮಾಡಿ.

ಡಾಕ್ಟರಿಗೆ ಮೊದಲೇ ಹೇಳಬೇಕಾದ್ದು

ಹಲ್ಲಿನ ಡಾಕ್ಟರಿಗೆ ಬೇರೆ ಕಾಯಿಲೆಗಳ ವಿಷಯ ಏಕೆ ಎಂದು ಬಹಳ ಜನ ಹೇಳದೇ ಇರುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ಸೋಂಕು ಹೆಚ್ಚುತ್ತದೆ, ಹಲ್ಲು ಕಿತ್ತ ಗಾಯ ಮಾಯಲು ತಡವಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಿಳಿಸಬೇಕು, ಹಲ್ಲು ಕೀಳಿಸಬೇಕೆಂದು ತಾವಾಗಿಯೇ ನಿಲ್ಲಿಸಬಾರದು. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದ ಹಲ್ಲು ಕಡಿಯುವುದು ಶುರುವಾಗಬಹುದು, ಅದನ್ನೂ ಮುಚ್ಚಿಡಬೇಡಿ. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರ್ ಮೂಳೆಗೆ ಹರಡಿದ್ದಕ್ಕೆ ಕೊಡುವ ಝೋಲೆಡ್ರೋನೇಟ್‌ನಂಥ ಚುಚ್ಚುಮದ್ದು ಪಡೆದವರಲ್ಲಿ ಹಲ್ಲು ಕಿತ್ತ ಜಾಗದ ದವಡೆ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ಅಂಥ ಚುಚ್ಚುಮದ್ದು ಶುರುಮಾಡುವ ಮೊದಲೇ ಹಲ್ಲು ತೋರಿಸಿ, ತೆಗೆಯಬೇಕಾದ್ದನ್ನು ತೆಗೆಸಿಕೊಳ್ಳುವುದು ಸರಿಯಾದ ಕ್ರಮ. ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ವರ್ಷಕ್ಕೊಮ್ಮೆ ಮೂಳೆಗೆಂದು ಇಂಜೆಕ್ಷನ್ ಕೊಡಿಸುತ್ತಿದ್ದರೆ ಅದರ ಚೀಟಿಯನ್ನು ಹಲ್ಲಿನ ಫೈಲಿನಲ್ಲೇ ಇಟ್ಟುಕೊಂಡು ಹೋಗಿ.